ನಾನ್‌ಖಟಾಯಿಯೋ, ಖಾರಾ ಬಿಸ್ಕತ್ತೋ? ಮುಂಬೈ, ಪುಣೆ, ಗೋವಾದ ಅಡುಗೆಮನೆಗೆ ಹೊಂದುವ ನಾಲ್ಕು ಮಸಾಲೆ ಬಿಸ್ಕತ್ತುಗಳು

ಹಸ್ತದ ಮಳೆ ಮುಗಿದು ಚಿತ್ತೆ ಕಾಲಿಡುವ ಹೊತ್ತಿಗೆ ಪುಣೆಯಲ್ಲಿ ಬೆಳಗಿನ ಜಾವ ಹೊದಿಕೆ ಹುಡುಕುವಂತಾಗುತ್ತದೆ. ಅದೇ ವಾರ ಮುಂಬೈಯಲ್ಲಿ ‘ಅಕ್ಟೋಬರ್ ಹೀಟ್’ ಅಂತ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಗೋವಾದ ಕಥೆ ಇನ್ನೊಂದು: ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುವ ಹಾಗೆ ಗಾಳಿಯ ತೇವ ಇಳಿಯುವುದೇ ಇಲ್ಲ. ಸಂಜೆ ಚಹಾದ ಜೊತೆಗೆ ಏಲಕ್ಕಿ, ಶುಂಠಿ, ಜಾಯಿಕಾಯಿ ಘಮಘಮಿಸುವ ಬಿಸಿ ಬಿಸ್ಕತ್ತು ಬೇಕು ಅನ್ನಿಸುವುದು ಮೂರೂ ಊರಲ್ಲಿ ಒಂದೇ. ಆದರೆ ಒಂದೇ ಅಳತೆ ಹಿಡಿದು ಹೊರಟರೆ ಪುಣೆಯಲ್ಲಿ ಗುಂಡಗೆ ಬಿರಿದು ನಿಲ್ಲುವ ಬಿಸ್ಕತ್ತು ಮುಂಬೈಯಲ್ಲಿ ದೋಸೆಯ ಹಾಗೆ ಹರಡಿಕೊಳ್ಳುತ್ತದೆ, ಗೋವಾದಲ್ಲಿ ಮರುದಿನವೇ ಮೆತ್ತಗಾಗುತ್ತದೆ.

ತಪ್ಪು ಮಸಾಲೆಯದ್ದಲ್ಲ. ತುಪ್ಪವೋ ಬೆಣ್ಣೆಯೋ ಯಾವಾಗ ಕರಗಿತು, ಸಕ್ಕರೆಯೋ ಬೆಲ್ಲವೋ ಎಷ್ಟು ತೇವ ಎಳೆದುಕೊಂಡಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆದ್ದರಿಂದ ಯಾವ ರುಚಿ ಇಷ್ಟ ಅನ್ನುವುದಕ್ಕಿಂತ ಮೊದಲು ನಿಮ್ಮ ಅಡುಗೆಮನೆಯ ಗಾಳಿ ಹೇಗಿದೆ, ಒಲೆ ಯಾವುದು ಅಂತ ನೋಡಿಕೊಳ್ಳಿ.

ಓದುವ ಪುರುಸೊತ್ತಿಲ್ಲದವರಿಗೆ ಇಷ್ಟು: ಮೊದಲ ಸಲ ಮಾಡುವವರಾದರೆ, ಓವನ್ ಇಲ್ಲದಿದ್ದರೆ, ನಾನ್‌ಖಟಾಯಿ. ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಇದ್ದು ಸಿಹಿ ಬೇಡವಾದರೆ ಖಾರಾ ಬಿಸ್ಕತ್ತು. ಪುಣೆಯ ಒಣ ಚಳಿಗೆ ಶುಂಠಿ-ಬೆಲ್ಲದ್ದು. ಗೋವಾದಲ್ಲಿದ್ದು ಮೊಟ್ಟೆ ತಿನ್ನುವವರಾದರೆ ಅಲ್ಲಿನ ರವೆ-ಕಾಯಿತುರಿಯ ಬಿಸ್ಕತ್ತು ಬೊಲಿನ್ಹಾ ಬಿಟ್ಟು ಬೇರೆ ಯೋಚನೆಯೇ ಬೇಡ.

ನಾನ್‌ಖಟಾಯಿ

ನಾಲ್ಕರಲ್ಲಿ ಅತಿ ಸರಳ ಇದು. ನೀರಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಹಿಟ್ಟು, ತುಪ್ಪ, ಸಕ್ಕರೆ ಮೂರರ ಹದವೇ ಎಲ್ಲ. ಮೈದಾ 120 ಗ್ರಾಂ, ಕಡಲೆಹಿಟ್ಟು 40 ಗ್ರಾಂ, ಚಿರೋಟಿ ರವೆ 20 ಗ್ರಾಂ. ತುಪ್ಪ 100 ಗ್ರಾಂ. ಪುಡಿ ಸಕ್ಕರೆ 85 ಗ್ರಾಂ. ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಏಲಕ್ಕಿ ಪುಡಿ ಮುಕ್ಕಾಲು ಟೀ ಚಮಚ, ತುರಿದ ಜಾಯಿಕಾಯಿ ಕಾಲು ಟೀ ಚಮಚ, ಒಂದು ಚಿಟಿಕೆ ಉಪ್ಪು. 20 ಗ್ರಾಂನಷ್ಟು ಉಂಡೆ ಕಟ್ಟಿದರೆ ಹದಿನೆಂಟು ಬರುತ್ತವೆ. ಲೋಟದಲ್ಲಿ ಅಳೆಯಬೇಡಿ. ಒಂದೇ ಲೋಟಕ್ಕೆ ಸಡಿಲವಾಗಿ ತುಂಬಿದ ಮೈದಾ 120 ಗ್ರಾಂ ಇದ್ದರೆ, ಒತ್ತಿ ತುಂಬಿದ್ದು 150 ಗ್ರಾಂ ದಾಟುತ್ತದೆ. ಇಷ್ಟು ಸಣ್ಣ ಅಳತೆಯಲ್ಲಿ 30 ಗ್ರಾಂ ಏರುಪೇರಾದರೆ ಉಂಡೆ ಕಟ್ಟಲಿಕ್ಕೇ ಬರುವುದಿಲ್ಲ. ಅಡುಗೆಮನೆಯ ತಕ್ಕಡಿ ಒಂದಿದ್ದರೆ ಅರ್ಧ ತಲೆನೋವು ಮುಗಿಯಿತು.

ಈಗ ತುಪ್ಪದ ವಿಷಯ. ನಾನ್‌ಖಟಾಯಿ ಕೆಡುವುದು ಹತ್ತರಲ್ಲಿ ಎಂಟು ಸಲ ಇಲ್ಲೇ. ತುಪ್ಪ ಕರಗುವುದು 32ರಿಂದ 36 ಡಿಗ್ರಿಯ ಆಸುಪಾಸು. ಮುಂಬೈಯ ಅಕ್ಟೋಬರ್ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯೇ ಅಷ್ಟು ಬಿಸಿ ಇರುತ್ತದೆ. ಡಬ್ಬಿಯಲ್ಲಿ ತುಪ್ಪ ಅರ್ಧ ಕರಗಿ ಮೇಲೆ ಎಣ್ಣೆ, ಕೆಳಗೆ ಹರಳು ಅಂತ ಬೇರೆಯಾಗಿರುತ್ತದೆ. ಆ ಎಣ್ಣೆಯನ್ನೇ ಬಗ್ಗಿಸಿ ತೂಗಿದರೆ ಹಿಟ್ಟು ಮಿನುಗುತ್ತದೆ, ಉಂಡೆಯೂ ಆಗುತ್ತದೆ, ಓವನ್‌ಗೆ ಹೋದ ಐದೇ ನಿಮಿಷಕ್ಕೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ತುಪ್ಪ ಹರಿದುಹೋಗಿರುತ್ತದೆ, ಅದಕ್ಕೆ.

ಬೆರಳಿನಿಂದ ನೋಡಿ. ಡಬ್ಬಿಯ ತುಪ್ಪಕ್ಕೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು, ಅದು ಹಾಗೇ ನಿಲ್ಲಬೇಕು. ಗುಳಿ ನಿಧಾನಕ್ಕೆ ತುಂಬಿಕೊಂಡರೆ ತುಪ್ಪ ಸಡಿಲವಾಗಿದೆ. ತೂಗಿದ ತುಪ್ಪವನ್ನು ಬಟ್ಟಲಲ್ಲಿ ಹಾಕಿ ಇಪ್ಪತ್ತು ನಿಮಿಷ ಫ್ರಿಡ್ಜಿನಲ್ಲಿಡಿ, ನಡುವೆ ಒಮ್ಮೆ ಕೈಯಾಡಿಸಿ. ಗುಳಿಯೇ ಬೀಳದಷ್ಟು ಕಲ್ಲಾಗಿದ್ದರೆ ಹೊರಗಿಟ್ಟು ಕಾಯಿರಿ. ಪುಣೆಯಲ್ಲಿ ನವೆಂಬರ್ ಬೆಳಗಿಗೆ ಈ ಎರಡನೆಯ ತೊಂದರೆಯೇ ಜಾಸ್ತಿ.

ತುಪ್ಪ, ಪುಡಿ ಸಕ್ಕರೆ ಎರಡನ್ನೂ ಅಂಗೈಯ ಬುಡದಿಂದ ಎಂಟು-ಹತ್ತು ನಿಮಿಷ ತಿಕ್ಕಿ. ಹಳದಿ ಹೋಗಿ ಬೆಣ್ಣೆಯ ಬಿಳುಪು ಬಂದು, ಕೈಗೆ ಹಗುರ ಅನ್ನಿಸಬೇಕು. ಆಮೇಲೆ ಜರಡಿ ಹಿಡಿದ ಹಿಟ್ಟು ಸೇರಿಸಿ ಬರೀ ಒಟ್ಟುಗೂಡಿಸಿ. ನಾದಬೇಡಿ, ಚಪಾತಿ ಹಿಟ್ಟಲ್ಲ ಇದು. ಉಂಡೆ ಕಟ್ಟುವಾಗ ಪುಡಿಪುಡಿಯಾದರೆ ನೀರು ಚಿಮುಕಿಸುವುದು ಎಲ್ಲರ ಮೊದಲ ಯೋಚನೆ, ಅದೇ ತಪ್ಪು. ನೀರು ಬಿದ್ದರೆ ಮೈದಾ ಜಿಗುಟಾಗಿ ಬಿಸ್ಕತ್ತು ಹಲ್ಲು ನೋಯಿಸುತ್ತದೆ. ಒಂದು ಟೀ ಚಮಚ ತುಪ್ಪವನ್ನೇ ಸೇರಿಸಿ. ಉಂಡೆಗಳನ್ನು ತಟ್ಟೆಯಲ್ಲಿ ಎರಡು ಬೆರಳು ಅಂತರ ಬಿಟ್ಟು ಜೋಡಿಸಿ, ಮುಂಬೈ-ಗೋವಾದವರು ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟು, 160 ಡಿಗ್ರಿಯಲ್ಲಿ 18ರಿಂದ 22 ನಿಮಿಷ ಬೇಯಿಸಿ. ಮೇಲೆ ಬಣ್ಣ ಬರುವ ತನಕ ಕಾಯಬೇಡಿ. ಮೇಲೆ ಕೆನೆಬಣ್ಣ ಇದ್ದು ಬುಡದ ಅಂಚು ಮಾತ್ರ ತುಸು ಕೆಂಪಾದರೆ ಆಯಿತು. ಹೊರತೆಗೆದಾಗ ಮುಟ್ಟಿದರೆ ಕುಸಿಯುವಷ್ಟು ಮೆತ್ತಗಿರುತ್ತದೆ. ತಟ್ಟೆಯಲ್ಲೇ ಹತ್ತು ನಿಮಿಷ ಬಿಡಿ.

ಮೇಲಿನ ಬಿರುಕು ಬಾರದಿದ್ದರೆ ಬೇಕಿಂಗ್ ಪೌಡರ್ ಹಳೆಯದು ಅಂತ ಲೆಕ್ಕ. ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ ನೋಡಿ, ಬುರುಬುರು ನೊರೆ ಬರಬೇಕು. ಡಾಲ್ಡಾ ಹಾಕಿದರೆ ಹರಡುವುದಿಲ್ಲ, ನೋಡಲಿಕ್ಕೂ ಚೆಂದ ಅನ್ನುವವರಿದ್ದಾರೆ. 2022ರಿಂದ ಟ್ರಾನ್ಸ್ ಕೊಬ್ಬಿಗೆ ಶೇ. 2ರ ಮಿತಿ ಬಂದ ಮೇಲೆ ಅದರ ಮೇಲಿನ ಹಳೆಯ ದೂರು ಕಡಿಮೆಯಾಗಿದೆ, ನಿಜ. ಆದರೂ ಅಂಗುಳಕ್ಕೆ ಅಂಟುವ ಆ ಮೇಣದ ಪದರ ಇದೆಯಲ್ಲ, ಏಲಕ್ಕಿಯ ಪರಿಮಳವನ್ನೇ ಮುಚ್ಚಿಬಿಡುತ್ತದೆ. ನಮ್ಮ ಮತ ತುಪ್ಪಕ್ಕೆ.

ಖಾರಾ ಬಿಸ್ಕತ್ತು

ಮೊದಲು ಒಂದು ಎಚ್ಚರಿಕೆ. ಮುಂಬೈ, ಪುಣೆಯ ಬೇಕರಿಗೆ ಹೋಗಿ ‘ಖಾರಾ’ ಅಂದರೆ ‘ಖಾರಿ’ ಕೊಡುತ್ತಾರೆ. ಅದು ಪದರುಪದರಾದ ಉಪ್ಪಿನ ಬಿಸ್ಕತ್ತು. ಮರಾಠಿಯಲ್ಲಿ ಖಾರ ಅಂದರೆ ಉಪ್ಪಿನಂಶ, ಮೆಣಸಿನಕಾಯಿಯಲ್ಲ. ನಮ್ಮ ಹಸಿಮೆಣಸಿನಕಾಯಿ, ಕರಿಬೇವಿನ ಬಿಸ್ಕತ್ತು ಬೇಕೆಂದರೆ ಅಯ್ಯಂಗಾರ್ ಬೇಕರಿ ಬೋರ್ಡು ಹುಡುಕಬೇಕು, ಇಲ್ಲವೇ ಮನೆಯಲ್ಲಿ ಮಾಡಬೇಕು.

ಮೈದಾ 200 ಗ್ರಾಂ, ತಣ್ಣನೆಯ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 25 ಗ್ರಾಂ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಜೀರಿಗೆ ಒಂದು ಟೀ ಚಮಚ, ಇಂಗು ಚಿಟಿಕೆ, ಹಸಿಮೆಣಸಿನಕಾಯಿ ಮೂರು-ನಾಲ್ಕು, ಕರಿಬೇವು ಹನ್ನೆರಡು ಎಲೆ, ಹೆಚ್ಚಿದ ಕೊತ್ತಂಬರಿ ಎರಡು ದೊಡ್ಡ ಚಮಚ. ಉಪ್ಪು ಒಂದು ಟೀ ಚಮಚ, ಅದೂ ಬೆಣ್ಣೆ ಸಪ್ಪೆಯದಾದರೆ ಮಾತ್ರ. ಅಂಗಡಿಯಲ್ಲಿ ಸುಮ್ಮನೆ ಬೆಣ್ಣೆ ಅಂತ ಕೇಳಿದರೆ ಸಿಗುವ ಅಮೂಲ್ ಪೊಟ್ಟಣ ಉಪ್ಪಿನದು. ಅದಕ್ಕೆ ಅರ್ಧ ಚಮಚ ಸಾಕು. ಸಕ್ಕರೆ ಯಾಕೆ ಅನ್ನಬೇಡಿ. ಅದಿಲ್ಲದೆ ಬಣ್ಣ ಬಾರದು, ಖಾರವೂ ಮೊಂಡಾಗಿ ಬರೀ ಉರಿಯುತ್ತದೆ.

ಇಲ್ಲಿ ಶತ್ರು ನೀರು. ತೊಳೆದ ಕೊತ್ತಂಬರಿಯನ್ನು ಹಾಗೇ ಹೆಚ್ಚಿ ಹಾಕಿದರೆ ಬಿಸ್ಕತ್ತು ಗರಿಯಾಗುವುದೇ ಇಲ್ಲ. ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಆರಿಸಿ, ಕರಿಬೇವನ್ನು ಬಿಸಿ ಬಾಣಲೆಯಲ್ಲಿ ಅರ್ಧ ನಿಮಿಷ ಬಾಡಿಸಿ, ಮೆಣಸಿನಕಾಯಿಯ ಬೀಜ, ತಿರುಳು ತೆಗೆದು ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿ ರುಬ್ಬಿದರೆ ಕೆಟ್ಟಿತು; ಹಿಟ್ಟು ಹಸಿರಾಗಿ, ಜೌಗಾಗುತ್ತದೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಮೈದಾಕ್ಕೆ ಉದುರಿಸಿಕೊಂಡು, ಕೊನೆಗೆ ಮೊಸರು ಹಾಕಿ ಕೂಡಿಸಿ, ಅರ್ಧ ಗಂಟೆ ತಣ್ಣಗಿಟ್ಟು, ಐದಾರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ. ಫೋರ್ಕಿನಿಂದ ಚುಚ್ಚಿ. 170 ಡಿಗ್ರಿಯಲ್ಲಿ 20 ನಿಮಿಷ ಬೆಂದ ಮೇಲೆ ತೆಗೆಯಬೇಡಿ, 130ಕ್ಕೆ ಇಳಿಸಿ ಇನ್ನೂ ಹತ್ತು ನಿಮಿಷ ಒಣಗಿಸಿ. ಬೇಕರಿಯ ಗರಿಗರಿಗೂ ಮನೆಯ ಮೆತ್ತನೆಗೂ ಇರುವ ವ್ಯತ್ಯಾಸ ಈ ಹತ್ತು ನಿಮಿಷ. ತಣಿದ ಮೇಲೆ ಮುರಿದರೆ ‘ಟಕ್’ ಅನ್ನಬೇಕು. ಸದ್ದಿಲ್ಲದೆ ಬಾಗಿ ಮುರಿದರೆ ಮತ್ತೆ ಒಳಗೆ ಹಾಕಿ.

ಶುಂಠಿ-ಬೆಲ್ಲದ ಬಿಸ್ಕತ್ತು

ಪರಿಮಳದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಗಂಟಲು ಕೆರೆಯುವ ದಿನಗಳಿಗೆ ಹೇಳಿ ಮಾಡಿಸಿದ್ದು. ಆದರೆ ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ ಮೆತ್ತಗಾಗುವುದೂ ಇದೇ. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ಬೆವರುವುದನ್ನು ನೋಡಿಲ್ಲವೇ, ಅದೇ ಕೆಲಸ ಬಿಸ್ಕತ್ತಿನೊಳಗೂ ನಡೆಯುತ್ತದೆ. ಪುಣೆಯಲ್ಲಿ ನವೆಂಬರ್‌ನಿಂದ ಮುಂದೆ ಧೈರ್ಯವಾಗಿ ಮಾಡಿ. ಮುಂಬೈ, ಗೋವಾದಲ್ಲಿ ಎರಡು ದಿನಕ್ಕೆ ಆಗುವಷ್ಟೇ ಮಾಡಿ, ಇಲ್ಲವೇ ಡಿಸೆಂಬರ್ ತನಕ ತಡೆಯಿರಿ.

ಗೋಧಿ ಹಿಟ್ಟು 150 ಗ್ರಾಂ, ಮೈದಾ 50 ಗ್ರಾಂ, ಬೆಣ್ಣೆ 90 ಗ್ರಾಂ, ಪುಡಿ ಬೆಲ್ಲ 100 ಗ್ರಾಂ, ಹಾಲು ಎರಡು ದೊಡ್ಡ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಮಸಾಲೆಗೆ ಒಣಶುಂಠಿ ಪುಡಿ ಎರಡು ಟೀ ಚಮಚ, ಚಕ್ಕೆ ಪುಡಿ ಒಂದು, ಕಾಳುಮೆಣಸು ಕಾಲು, ಲವಂಗ ಕಾಲಿಗಿಂತ ತುಸು ಕಡಿಮೆ. ಲವಂಗದಲ್ಲಿ ಕೈ ಜಾರಿದರೆ ಹಲ್ಲುನೋವಿನ ಔಷಧಿ ತಿಂದ ಹಾಗಾಗುತ್ತದೆ. ಹಸಿಶುಂಠಿ ತುರಿದು ಹಾಕುವ ಆಸೆ ಬೇಡ. ಅದರ ನೀರು ಬಿಸ್ಕತ್ತನ್ನು ಕೇಕಿನ ಹಾಗೆ ಮಾಡುತ್ತದೆ. ಸೋಡಾ ಬೆಲ್ಲದ ಹುಳಿಯ ಜೊತೆ ಸೇರಿ ಉಬ್ಬಿಸುತ್ತದೆ, ಬಣ್ಣವನ್ನೂ ಗಾಢ ಮಾಡುತ್ತದೆ. ಮುಕ್ಕಾಲು ಚಮಚಕ್ಕೆ ಹೋದರೆ ಸೋಪಿನ ರುಚಿ ಖಂಡಿತ.

ಕೊಲ್ಹಾಪುರದ ಬೆಲ್ಲ ಮುಂಬೈ, ಪುಣೆ ಎರಡೂ ಕಡೆ ಧಾರಾಳ ಸಿಗುತ್ತದೆ. ಅಚ್ಚು ಬೆಲ್ಲ ತಂದರೆ ತುರಿದು ಜರಡಿ ಹಿಡಿಯಲೇಬೇಕು. ಉಳಿದ ಒಂದು ಸಣ್ಣ ಉಂಡೆ ಓವನ್‌ನಲ್ಲಿ ಕರಗಿ, ಕುದಿದು, ಬಿಸ್ಕತ್ತಿಗೆ ತೂತು ಕೊರೆದು ತಟ್ಟೆಗೆ ಕರಕಲಾಗಿ ಅಂಟುತ್ತದೆ. ಗೋವಾದ ಕಪ್ಪು ತೆಂಗಿನ ಬೆಲ್ಲ, ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಗೋಪುರದಂತೆ ಜೋಡಿಸಿಟ್ಟಿರುತ್ತಾರಲ್ಲ ಅದು, ಹೊಗೆಯ ಘಮಲಿನಿಂದ ಇದಕ್ಕೆ ಬಲು ಒಪ್ಪುತ್ತದೆ. ತೇವ ಜಾಸ್ತಿ ಇರುವುದರಿಂದ ಹಾಲು ಪೂರ್ತಿ ಬಿಟ್ಟುಬಿಡಿ. 170 ಡಿಗ್ರಿ, 12ರಿಂದ 14 ನಿಮಿಷ. ಮೊದಲೇ ಕಂದು ಬಣ್ಣದ ಹಿಟ್ಟಾದ್ದರಿಂದ ಬೆಂದದ್ದು ಕಣ್ಣಿಗೆ ತಿಳಿಯದು, ಗಡಿಯಾರ ನಂಬಿ. ಅಂಚು ಗಟ್ಟಿ, ನಡುವೆ ಒತ್ತಿದರೆ ತುಸು ಮೆತ್ತಗೆ ಅನ್ನುವಾಗಲೇ ತೆಗೆಯಬೇಕು.

ಬೊಲಿನ್ಹಾ

ಗೋವಾದ ಕ್ರಿಸ್‌ಮಸ್ ತಿಂಡಿ. ರವೆ, ಕಾಯಿತುರಿ, ಏಲಕ್ಕಿ. ನಮ್ಮ ರವೆ ಉಂಡೆಯನ್ನು ಓವನ್‌ಗೆ ಕಳಿಸಿದ ಹಾಗೆ. ಸಕ್ಕರೆ 250 ಗ್ರಾಂ, ನೀರು 120 ಮಿಲಿಲೀಟರ್ ಸೇರಿಸಿ ಒಂದೆಳೆ ಪಾಕ ಮಾಡಿ, ನುಣ್ಣಗೆ ತಿರುಗಿಸಿದ 200 ಗ್ರಾಂ ಕಾಯಿತುರಿ ಹಾಕಿ ಮೂರು-ನಾಲ್ಕು ನಿಮಿಷ ಕೈಯಾಡಿಸಿ, ಸಣ್ಣ ರವೆ 250 ಗ್ರಾಂ, ತುಪ್ಪ ಒಂದು ದೊಡ್ಡ ಚಮಚ ಸೇರಿಸಿ ಇಳಿಸಿ. ಮುಚ್ಚಿ ರಾತ್ರಿಯಿಡೀ ಬಿಡಿ. ಸೆಕೆ ಇದ್ದರೆ ಫ್ರಿಡ್ಜಿನಲ್ಲಿ. ಬೆಳಿಗ್ಗೆ ಮೂರು ಮೊಟ್ಟೆಯ ಹಳದಿ, ಏಲಕ್ಕಿ ಪುಡಿ ಒಂದು ಟೀ ಚಮಚ ಕಲಸಿ, ಉಂಡೆ ಮಾಡಿ ಚಪ್ಪಟೆ ಒತ್ತಿ, ಫೋರ್ಕಿನಿಂದ ಅಡ್ಡ-ಉದ್ದ ಗೆರೆ ಎಳೆದು 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ರಾತ್ರಿ ಬಿಡುವುದನ್ನು ತಪ್ಪಿಸಿದವರಿಗೆ ರವೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ರವೆಗೆ ಪಾಕ ಹೀರಿ ಊದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು.

ಕರಾವಳಿಯ ಗಾಳಿಗೆ ಇದು ಹೆದರದೇ ಇರುವುದಕ್ಕೆ ಕಾರಣವಿದೆ. ಇದರಲ್ಲಿ ಕರಗಿ ಹರಿಯುವಷ್ಟು ತುಪ್ಪವೇ ಇಲ್ಲ, ಆದ್ದರಿಂದ ಸೆಕೆಯಲ್ಲೂ ಆಕಾರ ಕೆಡದು. ಹೊರಗೆ ಗರಿ, ಒಳಗೆ ಮೃದು ಇರುವುದೇ ಇದರ ಗುಣವಾದ್ದರಿಂದ ತುಸು ಮೆತ್ತಗಾದರೂ ಯಾರೂ ತಪ್ಪು ಹೇಳುವುದಿಲ್ಲ. ಮೊಟ್ಟೆ ತಿನ್ನದವರು ಹಳದಿಯ ಬದಲಿಗೆ ಮತ್ತೊಂದು ಹಾಕಿ ಒದ್ದಾಡುವುದಕ್ಕಿಂತ ಮೇಲಿನ ನಾನ್‌ಖಟಾಯಿಯಲ್ಲಿ ರವೆ ತೆಗೆದು 30 ಗ್ರಾಂ ಒಣಕೊಬ್ಬರಿ ಪುಡಿ ಹಾಕಿಕೊಳ್ಳಲಿ.

ಒಲೆ ಯಾವುದು?

ಓಟಿಜಿ ನಾಲ್ಕಕ್ಕೂ ಆದೀತು. ಮೇಲಿನ-ಕೆಳಗಿನ ಎರಡೂ ಕಾಯಿಲ್ ಹಾಕಿ, ನಡುವಿನ ಕಂಬಿ, 15 ನಿಮಿಷ ಮುಂಚೆ ಬಿಸಿ. ತಿರುಗುಗುಂಡಿ 160 ತೋರಿಸಿದರೆ ಒಳಗೆ 175 ಇರುವುದು ಸಾಮಾನ್ಯ. ಒಳಗಿಡುವ ಚಿಕ್ಕ ಥರ್ಮಾಮೀಟರ್ ತಂದರೆ ಈ ಗೊಂದಲ ತಪ್ಪುತ್ತದೆ. ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಮೈಕ್ರೊವೇವ್ ಆದರೆ ‘ಕನ್ವೆಕ್ಷನ್’ ಗುಂಡಿಯೇ ಒತ್ತಬೇಕು, ಬರೀ ಮೈಕ್ರೊದಲ್ಲಿ ಬಿಸ್ಕತ್ತು ಒಳಗಿನಿಂದ ಸುಟ್ಟು ಹೊರಗೆ ಬಿಳಿಚಿರುತ್ತದೆ. ಏರ್ ಫ್ರೈಯರ್‌ನಲ್ಲಿ ಬಿಸಿಗಾಳಿ ನೇರ ಮೇಲಿನಿಂದ ಬೀಸುವುದರಿಂದ 15-20 ಡಿಗ್ರಿ ಕಡಿಮೆ ಮಾಡಿ, ಬಟರ್ ಪೇಪರ್ ಹಾರದಂತೆ ಬಿಸ್ಕತ್ತು ಇಟ್ಟ ಮೇಲೆಯೇ ಶುರು ಮಾಡಿ. ಖಾರಾ ಬಿಸ್ಕತ್ತಿಗೆ ಇದು ನಿಜಕ್ಕೂ ಒಳ್ಳೆಯದು, ಒಣಗಿಸುವುದೇ ಇದರ ಕಸುಬು. ನಾನ್‌ಖಟಾಯಿಗೆ ಬೇಡ; ಮೇಲೆ ಕೆಂಪು, ಒಳಗೆ ಹಸಿ.

ಓವನ್ ಇಲ್ಲದ ಬಾಡಿಗೆ ಮನೆಯವರಿಗೆ ದಪ್ಪ ತಳದ ಹಳೆಯ ಬಾಣಲೆ. ಒಂದಂಗುಲ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡು, ಬಿಗಿಯಾದ ಮುಚ್ಚಳ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟ ಮೇಲೆ ಸಣ್ಣ ಉರಿಯಲ್ಲಿ 22ರಿಂದ 25 ನಿಮಿಷ. ದಿನಬಳಕೆಯ ಅಲ್ಯೂಮಿನಿಯಂ ಕುಕ್ಕರನ್ನು ಇದಕ್ಕೆ ಬಲಿಕೊಡಬೇಡಿ, ನೀರಿಲ್ಲದೆ ಕಾದರೆ ತಳ ಸೊಟ್ಟಗಾಗುತ್ತದೆ. ಕುಕ್ಕರೇ ಗತಿ ಅನ್ನುವುದಾದರೆ ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿಡಿ. ಬಾಣಲೆಯಲ್ಲಿ ಶಾಖ ಬುಡದಿಂದ ಮಾತ್ರ ಬರುತ್ತದೆ, ಮೇಲೆ ಬಣ್ಣ ಬಾರದು. ನಾನ್‌ಖಟಾಯಿಗೆ ಅದೇ ಬೇಕಾದದ್ದು. ಖಾರಾ ಬಿಸ್ಕತ್ತನ್ನು ಮಾತ್ರ ಇದರಲ್ಲಿ ಮಾಡಲು ಹೋಗಬೇಡಿ, ಒಳಗಿನ ಹಬೆ ಹೊರಹೋಗದೆ ಮೆತ್ತಗೇ ಉಳಿಯುತ್ತದೆ.

ಇನ್ನೊಂದು ಹಳೆಯ ದಾರಿ ಉಂಟು: ದೀಪಾವಳಿಗೆ ಮುಂಚೆ ಸಾಮಾನು ಹೊತ್ತು ಹತ್ತಿರದ ಬೇಕರಿಯ ಭಟ್ಟಿಯಲ್ಲಿ ಬೇಯಿಸಿ ತರುವುದು. ಎರಡು-ಮೂರು ಕಿಲೋ ಮಾಡುವವರಿಗೆ ಇದೇ ಅಗ್ಗ. ಮುಂಬೈಯಲ್ಲಿ ಕಟ್ಟಿಗೆ, ಇದ್ದಿಲಿನ ಭಟ್ಟಿಗಳು ಬೇರೆ ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿದ ಮೇಲೆ ಬೇಕರಿಗಳ ಲೆಕ್ಕಾಚಾರ ಬದಲಾಗಿದೆ. ಮೊದಲೇ ವಿಚಾರಿಸಿಕೊಂಡು ಹೋಗಿ.

ಮಸಾಲೆ ಕೊಳ್ಳುವಾಗ ಪುಡಿಗಿಂತ ಇಡಿಯದ್ದೇ ತನ್ನಿ. ಮುಂಬೈಯ ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಯಲ್ಲೋ ಪುಣೆಯ ಮಾರ್ಕೆಟ್ ಯಾರ್ಡಿನಲ್ಲೋ ಏಲಕ್ಕಿಗೆ ‘ವೇಲಚಿ’, ಒಣಶುಂಠಿಗೆ ‘ಸುಂಠ’, ಜಾಯಿಕಾಯಿಗೆ ‘ಜಾಯಫಳ’ ಅನ್ನಿ. ‘ದಾಲ್‌ಚಿನಿ’ ಅಂದರೆ ದಪ್ಪ, ಒರಟು ತೊಗಟೆ ಕೊಡುತ್ತಾರೆ, ಅದು ಕ್ಯಾಸಿಯಾ. ಖಾರ ಜಾಸ್ತಿ, ಶುಂಠಿ-ಬೆಲ್ಲಕ್ಕೆ ಸರಿಯಾಗಿದೆ. ಕಾಗದದಂತೆ ತೆಳ್ಳಗೆ ಸುರುಳಿಸುರುಳಿಯಾಗಿರುವ ಸಿಂಹಳದ ಚಕ್ಕೆಗೆ ದುಬಾರಿ ಬೆಲೆ ಕೊಡುವ ಅಗತ್ಯ ಇಲ್ಲಿಲ್ಲ. ಏಲಕ್ಕಿ ಕಾಳನ್ನು ಒಂದು ಚಮಚ ಸಕ್ಕರೆಯ ಜೊತೆ ಕುಟ್ಟಿದರೆ ನುಣ್ಣಗಾಗುತ್ತದೆ. ಜಾಯಿಕಾಯಿಯನ್ನು ಕಲಸುವ ಹೊತ್ತಿಗೇ ತುರಿಯಿರಿ.

ಡಬ್ಬಿಗೆ ತುಂಬುವ ಅವಸರ ಬೇಡ. ಕೈಗೆ ಬಿಸಿ ತಾಗದಿದ್ದರೂ ಬಿಸ್ಕತ್ತಿನ ನಡುವೆ ಶಾಖ ಉಳಿದಿರುತ್ತದೆ. ಮುಚ್ಚಿದರೆ ಅದೇ ಹಬೆಯಾಗಿ ಮುಚ್ಚಳದ ಒಳಗೆ ಹನಿಗಟ್ಟುತ್ತದೆ. ಕಂಬಿಯ ಮೇಲೆ ಒಂದು ಗಂಟೆ ಆರಲಿ, ಫ್ಯಾನಿನ ಕೆಳಗಲ್ಲ, ತೇವದ ಊರಲ್ಲಿ ಫ್ಯಾನಿನ ಗಾಳಿಯೂ ತೇವದ್ದೇ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಾನ್‌ಖಟಾಯಿ, ಖಾರಾ ಬಿಸ್ಕತ್ತು ಎರಡು ವಾರ ನಿಲ್ಲುತ್ತವೆ, ಬೊಲಿನ್ಹಾ ಒಂದು ವಾರ. ಖಾರಾ ಇಟ್ಟ ಡಬ್ಬಿಯಲ್ಲಿ ಬೇರೆ ಯಾವುದನ್ನೂ ಇಡಬೇಡಿ, ಮರುದಿನ ನಾನ್‌ಖಟಾಯಿಗೆ ಇಂಗಿನ ವಾಸನೆ ಹೊಡೆಯುತ್ತದೆ. ಮೆತ್ತಗಾದವನ್ನು 130 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿ, ಪೂರ್ತಿ ತಣಿಸಿ ತಿನ್ನಿ; ಬಿಸಿಯಿದ್ದಾಗ ಮುರಿದು ನೋಡಿದರೆ ಇನ್ನೂ ಮೆತ್ತಗೇ ಇದೆ ಅನ್ನಿಸಿ ಮತ್ತೆ ಒಳಗಿಟ್ಟು ಸುಟ್ಟುಬಿಡುತ್ತೀರಿ.